ಕಾಕಾ ಹೊಡೆದ ಪ್ರೈಮರ್

"ಪ್ರೈಮರ್ ತೆಗೀಬ್ಯಾಡ ತಮ್ಮಾ, ಅದರ ಮ್ಯಾಲೇ ಬಣ್ಣ ಹೊಡಿ" ಅಂತ ಹೇಳಿ ಕಾಕಾ ವಿಮಾನವನ್ನು ನನ್ನ ಕೈಗಿಟ್ಟಿದ್ದರು. ನಾನು ತೆಗೆದೆ. ಆಮೇಲೆ ಅವರು ಕೇಳಿದಾಗ ತೆಗೆದಿಲ್ಲ ಅಂತ ಸುಳ್ಳೂ ಹೇಳಿದೆ. ನಲವತ್ತರ ಹತ್ತಿರ ಬಂದಿರೋ ಗಂಡಸು ಇಷ್ಟು ಸಣ್ಣ ವಿಷಯಕ್ಕೆ ಹದಿನೈದು ದಿನ ನಿದ್ದೆ ಕೆಡಿಸಿಕೊಂಡ ಅಂದ್ರೆ ನೀವು ನಗಬಹುದು. ನಗ್ರಿ, ಅಡ್ಡಿ ಇಲ್ಲ.

ವಿಮಾನ ಅಂದರೆ ಎಚ್‌ಎಎಲ್‌ನ ಕಿರಣ್, ಅದರ 1/72 ಅಳತೆಯ ಮಾದರಿ. ಮೂಗಿನಿಂದ ಬಾಲದವರೆಗೆ ಹೆಚ್ಚೂ ಕಡಿಮೆ 15 ಸೆಂಟಿಮೀಟರ್. ಅಂಗಡಿಯಲ್ಲಿ ಡಬ್ಬಿ ಕಟ್ಟಿ ಮಾರುವ ಪ್ಲಾಸ್ಟಿಕ್ ಕಿಟ್ ಅಲ್ಲ ಇದು. ಕಾಕಾನ ಹೈದರಾಬಾದಿನ ಗೆಳೆಯರೊಬ್ಬರು ಸಿಲಿಕಾನ್ ರಬ್ಬರಿನ ಅಚ್ಚು ಮಾಡಿ, ಮನೆಯ ಹಿತ್ತಿಲಲ್ಲೇ ರೆಸಿನ್ ಎರಕ ಹೊಯ್ದು ಕೊಟ್ಟದ್ದು. ಕಾಕಾ ಗಾಂಧಿ ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಮುನೀಮರು. ದಿನವಿಡೀ ತೊಗರಿ, ಹೆಸರು, ಉದ್ದು, ಸೋಯಾದ ಲೆಕ್ಕ ಬರೆದು, ರಾತ್ರಿ ಊಟ ಆದಮೇಲೆ ಟೇಬಲ್ ಲ್ಯಾಂಪ್ ಹಚ್ಚಿ ಬ್ಲೇಡು, ಮರಳು ಕಾಗದ ಹಿಡಿದು ಕೂಡುತ್ತಿದ್ದರು. ಹಂಗಾಮಿನ ದಿನಗಳಲ್ಲಿ ಮೈತುಂಬಾ ಕಾಳಿನ ದೂಳು ಹೊತ್ತು ಬರುತ್ತಿದ್ದ ಮನುಷ್ಯ, ಆ ವಿಮಾನ ಮುಟ್ಟುವ ಮುಂಚೆ ಮಾತ್ರ ಮೊಣಕೈವರೆಗೂ ಸಾಬೂನು ಹಚ್ಚಿ ತೊಳೆದುಕೊಳ್ಳುತ್ತಿದ್ದರು.

ಕಿರಣ್ ಯಾಕೆ ಅಂತ ಬೀದರಿನವರು ಯಾರೂ ಕೇಳಲ್ಲ. ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೇ ನಮ್ಮ ಊರಲ್ಲಿ. ಒಂಬತ್ತು ವಿಮಾನ ಒಂದಕ್ಕೊಂದು ಆನಿಕೊಂಡಂತೆ ಊರ ಮೇಲೆ ತಾಲೀಮು ಮಾಡುವಾಗ ನಾವು ಹುಡುಗರು ಮಾಳಿಗೆ ಹತ್ತುತ್ತಿದ್ದೆವು. ಗಂಜಿನಲ್ಲಿ ಹಮಾಲರು ಬೆನ್ನ ಮೇಲೆ ಚೀಲ ಇಟ್ಟುಕೊಂಡೇ ಒಂದು ಕ್ಷಣ ಕತ್ತು ಓರೆ ಮಾಡಿ ನೋಡಿ ಮುಂದೆ ಹೋಗುತ್ತಿದ್ದರು. ಸವಾಲಿನ ದನಿ ಒಂದರೆಗಳಿಗೆ ಕೇಳಿಸುತ್ತಿರಲಿಲ್ಲ. ಉಳಿದ ಭಾರತಕ್ಕೆ ಅದು ಜನವರಿ 26ರ ಟೀವಿ, ನಮಗೆ ಅದು ಬೆಳಗಿನ ಗದ್ದಲ.

ಕಾಕಾ ಆ ಮಾದರಿಗೆ ಪ್ರೈಮರ್ ಹೊಡೆದದ್ದು 2000ದ ಆಸುಪಾಸಿನಲ್ಲಿ. ಸೂರ್ಯಕಿರಣದ ಕೆಂಪು, ಬಿಳಿ ಬಣ್ಣದ ಡಬ್ಬಿಗಳನ್ನೂ ತಂದಿಟ್ಟಿದ್ದರು. ಅವುಗಳ ಮುಚ್ಚಳ ತೆಗೆಯಲೇ ಇಲ್ಲ. ವಿಮಾನ ಬೂದು ಬಣ್ಣದಲ್ಲೇ ಅಲಮಾರಿನ ಮೇಲೆ ನಿಂತುಬಿಟ್ಟಿತು. 2006ರ ಮಾರ್ಚಿನಲ್ಲಿ ಬೀದರಿನಲ್ಲಿ ತಾಲೀಮಿನ ವೇಳೆ ತಂಡದ ಒಂದು ಕಿರಣ್ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. 2009ರ ಜನವರಿಯಲ್ಲಿ ಇನ್ನೊಬ್ಬರು. 2011ರಲ್ಲಿ ಕಿರಣ್ ವಿಮಾನಗಳ ಆ ತಂಡವೇ ನಿಂತಿತು. ಕೆಲವು ವರ್ಷ ಬಿಟ್ಟು ಹಾಕ್ ವಿಮಾನಗಳೊಂದಿಗೆ ಮತ್ತೆ ಶುರುವಾಯಿತು. ಕಾಕಾ ಬಣ್ಣ ಹಚ್ಚದೇ ಇದ್ದದ್ದಕ್ಕೆ ಇದೇ ಕಾರಣ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಅವರ ಬಾಯಿಂದ ಕೇಳಿದ್ದಲ್ಲ, ನಾನೇ ಕಟ್ಟಿಕೊಂಡದ್ದು. ನನ್ನ ಈ ಚಟದ ಬಗ್ಗೆ ಮುಂದೆ ಇನ್ನಷ್ಟು ಬರುತ್ತೆ.

ಈಗ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಕೈ ಸ್ವಲ್ಪ ನಡುಗುತ್ತೆ. "ನೀನೇ ಮುಗಸು" ಅಂತ ಕೊಟ್ಟರು. ಜೊತೆಗೇ ಆ ಷರತ್ತು.

ಮಾದರಿ ಕಟ್ಟುವವರಲ್ಲದವರಿಗೆ ಪ್ರೈಮರಿನ ವಿಷಯ ಸ್ವಲ್ಪ ಹೇಳಬೇಕು. ಪಾಲಿಯುರಿಥೇನ್ ರೆಸಿನ್ ನೋಡೋಕೆ ಕೆನೆ ಬಣ್ಣ, ಮೈ ನುಣುಪು. ಅಚ್ಚಿನಿಂದ ಬಿಡಿಸಲು ಸವರಿದ ಎಣ್ಣೆಯಂಥ ಪದಾರ್ಥ ಮೇಲೆ ಉಳಿದಿರುತ್ತೆ, ಅದನ್ನು ಸೋಪಿನ ನೀರಲ್ಲಿ ತೊಳೆಯದಿದ್ದರೆ ಯಾವ ಬಣ್ಣವೂ ಹಿಡಿಯಲ್ಲ. ತೊಳೆದಮೇಲೂ ಬಣ್ಣಕ್ಕೆ ಹಿಡಿತ ಬೇಕು, ಅದಕ್ಕೆ ಪ್ರೈಮರ್. ಆದರೆ ಪ್ರೈಮರಿಗೆ ಇನ್ನೊಂದು ಕೆಲಸ ಇದೆ, ಅದೇ ದೊಡ್ಡದು. ಕೆನೆ ಬಣ್ಣದ ರೆಸಿನ್ ಮೇಲೆ ಗಾಳಿಗುಳ್ಳೆಯ ಸೂಜಿತೂತು, ಅಚ್ಚಿನ ಅಂಚು, ಉಜ್ಜಿದ ಗೀರು ಯಾವುದೂ ಕಣ್ಣಿಗೆ ಬೀಳಲ್ಲ. ತೆಳ್ಳಗೆ ಒಂದು ಕೈ ಬೂದು ಪ್ರೈಮರ್ ಹೊಡೀರಿ, ಎಲ್ಲಾ ಒಮ್ಮೆಲೇ ಎದ್ದು ನಿಲ್ಲುತ್ತೆ. ನಾಚಿಕೆ ಆಗುವಷ್ಟು ಕಾಣುತ್ತೆ. ಅಂದರೆ ತೆಳ್ಳಗಿದ್ದಾಗ ಪ್ರೈಮರ್ ಚಾಡಿ ಹೇಳುತ್ತೆ. ಅದೇ ಪ್ರೈಮರನ್ನು ಮೂರು ನಾಲ್ಕು ಕೈ ದಪ್ಪ ಹೊಡೆದರೆ ಬಾಯಿ ಮುಚ್ಚಿಕೊಳ್ಳುತ್ತೆ. ತೂತು ತುಂಬುತ್ತೆ, ಗೀರು ಮಾಯ, ಜೊತೆಗೆ ಲೋಹದ ತಗಡುಗಳ ಜೋಡಣೆ ತೋರಿಸುವ ಸಣ್ಣ ಗೆರೆಗಳೂ ಮುಳುಗಿ ಹೋಗುತ್ತವೆ.

ಕಾಕಾ ಹೊಡೆದದ್ದು ಮೋಟಾರ್ ಗ್ಯಾರೇಜಿನವರು ಬಳಸುವ ಬೂದು ಎನ್‌ಸಿ ಪ್ರೈಮರ್. ಎಡ ರೆಕ್ಕೆಯ ಮೇಲೆ ಕಾಲು ಮಿಲಿಮೀಟರ್ ದಪ್ಪ ಇತ್ತು. ಕಾಲು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಅದನ್ನು 72ರಿಂದ ಗುಣಿಸಿ. ನಿಜವಾದ ವಿಮಾನದ ಮೇಲೆ 18 ಮಿಲಿಮೀಟರ್ ಬಣ್ಣ ಬಳಿದಂಗಾಯ್ತು, ಗೋಡೆಗೆ ಗಿಲಾವು ಮಾಡಿದಂಗೆ. ಇದರ ಮೇಲೆ ಕೆಂಪು ಬಿಳಿ ಹಚ್ಚಿದರೆ ವಿಮಾನ ಕಾಣಲ್ಲ, ಸಾಬೂನಿನ ಬಿಲ್ಲೆ ಕಾಣುತ್ತೆ. ಕಾಕಾ ಒಳ್ಳೆ ಕೆಲಸಗಾರರು, ಆದರೆ ಕೈ ಒರಟು ಅಂತ ಮನಸ್ಸಿನಲ್ಲೇ ಒಂದು ತೀರ್ಪು ಕೊಟ್ಟೆ. ಅವರ ಮಾತು ಮೀರಲು ನನಗೆ ಅಷ್ಟು ಸಾಕಾಯ್ತು.

ಮೊದಲು ಡೆಟಾಲ್. ಅಕ್ರಿಲಿಕ್ ಬಣ್ಣ, ಕೆಲವು ಎನಾಮೆಲ್ ತೆಗೆಯಲು ಮಾದರಿಗಾರರು ಕಂದು ಡೆಟಾಲಿನಲ್ಲಿ ನೆನೆಹಾಕುತ್ತಾರೆ. ಒಂದೇ ಎಚ್ಚರಿಕೆ, ಹಲ್ಲುಜ್ಜೋ ಬ್ರಷ್ಷಿನಿಂದ ತಿಕ್ಕುವಾಗ ನೀರು ತಾಗಿಸಬಾರದು. ನೀರು ಬಿದ್ದರೆ ಬಣ್ಣ ಡಾಂಬರಿನಂತೆ ಅಂಟಂಟಾಗಿ ಮತ್ತೆ ಮೈಗೇ ಹತ್ತಿಕೊಳ್ಳುತ್ತೆ. ಮೊದಲ ತೊಳೆತವೂ ಡೆಟಾಲಿನಲ್ಲೇ ಆಗಬೇಕು. ರಾತ್ರಿಯಿಡೀ ನೆನೆದು ಮನೆ ತುಂಬಾ ದವಾಖಾನೆ ವಾಸನೆ. "ಯಾರಿಗರ ಗಾಯ ಆಗ್ಯಾದೇನ್ರಿ?" ಅಂತ ಹೆಂಡತಿ ಬೆಳಿಗ್ಗೆ ಕೇಳಿದಳು. ಮೇಲಿನ ಪದರ ಒಂದಿಷ್ಟು ಮೆತ್ತಗಾದದ್ದು ಬಿಟ್ಟರೆ ಗ್ಯಾರೇಜ್ ಪ್ರೈಮರ್ ಜಗ್ಗಲಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲೂ ಅಷ್ಟೇ.

ಉಳಿದದ್ದು ಥಿನ್ನರ್. ಎನ್‌ಸಿ ಪ್ರೈಮರನ್ನು ಕರಗಿಸೋದು ಅದೇ, ಆದರೆ ರೆಸಿನ್ನಿಗೂ ಅದು ಒಳ್ಳೇದಲ್ಲ. ಗಟ್ಟಿಯಾದ ರೆಸಿನ್ ಕರಗಲ್ಲ, ಬಹಳ ಹೊತ್ತು ನೆನೆದರೆ ಉಬ್ಬುತ್ತೆ, ಮೆತ್ತಗಾಗುತ್ತೆ, ತೆಳು ರೆಕ್ಕೆ ಸೊಟ್ಟಗಾಗುತ್ತೆ. ಅದಕ್ಕೇ ಅದ್ದಿ ಇಡಬಾರದು. ಕಿಟಕಿ ತೆರೆದು, ಗ್ಲೌಸ್ ಹಾಕಿ, ಹತ್ತಿ ತೋಯಿಸಿ ಒಂದೊಂದೇ ಚದರ ಇಂಚು ಒರೆಸಬೇಕು. ಎಡ ರೆಕ್ಕೆಯಿಂದ ಶುರು ಮಾಡಿದೆ. ಬೂದು ಹೋಗಿ ಕೆನೆ ಬಣ್ಣ ಕಾಣಿಸಿದಾಗ, ಮುಳುಗಿದ್ದ ಗೆರೆಗಳು ಒಂದೊಂದಾಗಿ ಮೇಲೆ ಬಂದಾಗ ಆಗುವ ಖುಷಿ ಇದೆಯಲ್ಲ, ಅದನ್ನು ಹೇಳೋಕಾಗಲ್ಲ. ಆ ಖುಷಿಯಲ್ಲಿ ಹತ್ತಿ ಸ್ವಲ್ಪ ಹೆಚ್ಚು ತೋಯಿಸಿದೆ ಅಂತ ಕಾಣುತ್ತೆ. ರೆಕ್ಕೆಯ ಅರ್ಧ ತುಂಡು ಕೈಯಲ್ಲೇ ಕಳಚಿ ಬಂತು.

ರೆಕ್ಕೆ ಒಡಲಿಗೆ ಸೇರುವ ಜಾಗದಲ್ಲಿ ಕಳಚಿದ್ದರೆ ಆಶ್ಚರ್ಯ ಇರಲಿಲ್ಲ, ಎಲ್ಲರೂ ಅಲ್ಲೇ ಫೆವಿಕ್ವಿಕ್ ಹಾಕೋದು, ಥಿನ್ನರ್ ತಾಗಿದರೆ ಅದು ಸಡಿಲಾಗುತ್ತೆ. ಇದು ರೆಕ್ಕೆಯ ನಟ್ಟನಡುವೆ. ಅಚ್ಚಿನಲ್ಲಿ ಅಲ್ಲಿ ಜೋಡಣೆಯೇ ಇಲ್ಲ. ಅಂಚು ನೋಡಿದೆ, ಅಡ್ಡಾದಿಡ್ಡಿ, ಬಿಸ್ಕತ್ತು ಮುರಿದಂಗೆ. ಎರಡೂ ತುಂಡಿಗೆ ಸಣ್ಣ ತೂತು ಕೊರೆದು, ನಡುವೆ ಗುಂಡುಸೂಜಿಯ ತುಂಡು ಕೂರಿಸಿದ್ದರು. ಸುತ್ತ ಪುಟ್ಟಿ. ಅದರ ಮೇಲೆ ಕಾಲು ಮಿಲಿಮೀಟರ್ ಬೂದು. ಒರಟು ಕೈ ಅಂದಿದ್ದೆನಲ್ಲ, ಆ ತೂತು ನೋಡಿದರೆ ಗಡಿಯಾರ ರಿಪೇರಿಯವರು ಕೊರೆದಂಗಿತ್ತು.

ಆಗ ನೆನಪಾಯ್ತು. ನೆನಪಾಯ್ತು ಅನ್ನೋದು ಪೂರ್ತಿ ಖರೆ ಅಲ್ಲ, ಮರೆತೇ ಇರಲಿಲ್ಲ. ನನಗೆ ಆಗ ಹತ್ತೋ ಹನ್ನೊಂದೋ. ಮೇಲೆ ಸೂರ್ಯಕಿರಣ್ ತಾಲೀಮು, ಮನೆಯಲ್ಲಿ ಯಾರಿಲ್ಲ. ಕುರ್ಚಿ ಹತ್ತಿ ಅಲಮಾರಿನ ಮೇಲಿಂದ ಕಾಕಾನ ವಿಮಾನ ತೆಗೆದು ಪಡಸಾಲೆಯಲ್ಲಿ ಹಾರಿಸಿದೆ. ಕೈ ಜಾರಿತು. ಶಹಾಬಾದ್ ಕಲ್ಲಿನ ನೆಲ, ರೆಕ್ಕೆ ಕೆಳಗಾಗಿ ಬಿತ್ತು. ಎತ್ತಿ, ಸರಿಯಾಗಿ ನೋಡದೆ ಮೇಲಿಟ್ಟು ಓಡಿದೆ. ಯಾರೂ ಏನೂ ಕೇಳಲಿಲ್ಲ. ಕೆಲವು ದಿನಕ್ಕೆ ವಿಮಾನ ಇನ್ನೂ ಎತ್ತರದ ಹಲಗೆಗೆ ಹೋಯ್ತು. ಏನೂ ಆಗಿಲ್ಲ ಅಂದುಕೊಂಡು ಇಷ್ಟು ವರ್ಷ ಇದ್ದೆ.

ಹಾಗಾದರೆ ಕಾಕಾಗೆ ಎಲ್ಲಾ ಗೊತ್ತಿತ್ತು. ಅಪ್ಪನ ಕೈಯಲ್ಲಿ ನಾನು ಏಟು ತಿನ್ನಬಾರದು ಅಂತ ಗುಟ್ಟಾಗಿ ಸೂಜಿ ಇಟ್ಟು, ಪುಟ್ಟಿ ತುಂಬಿ, ತಮ್ಮ ಒಳ್ಳೆ ಕೆಲಸವನ್ನು ತಾವೇ ಕೆಡಿಸಿಕೊಂಡು ದಪ್ಪ ಪ್ರೈಮರಿನ ಕೆಳಗೆ ನನ್ನ ತಪ್ಪು ಹೂತಿಟ್ಟರು. ಈಗಲೂ "ತೆಗೀಬ್ಯಾಡ" ಅಂದದ್ದು ಅದಕ್ಕೇ. ಮುರಿದ ರೆಕ್ಕೆ ಎದುರಿಗಿಟ್ಟುಕೊಂಡು ಥಿನ್ನರ್ ವಾಸನೆಗೋ ಇನ್ನೇತಕ್ಕೋ ಕಣ್ಣು ಒರೆಸಿಕೊಂಡೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಕಾಕಾ ಕೇಳಿದರು, "ಪ್ರೈಮರ್ ಮ್ಯಾಲೇ ಹೊಡೀಲತ್ತೀ ಹೌದಿಲ್ಲೋ?"

"ಹೂಂ ಕಾಕಾ" ಅಂದೆ.

ಅಲ್ಲಿಂದ ಶುರುವಾಯ್ತು ನೋಡಿ ಹದಿನೈದು ದಿನದ ವಿಚಾರ.

ತಪ್ಪನ್ನು ಮುಚ್ಚೋದು ಸುಳ್ಳೋ ಅಲ್ಲವೋ? ನಮ್ಮ ಮನೆ ಗಂಜಿನ ಹಿಂದಿನ ಓಣಿ. ಅಲ್ಲಿ ಬೆಳೆದವನಿಗೆ ಈ ಪ್ರಶ್ನೆಗೆ ಉತ್ತರ ತಯಾರಾಗೇ ಇರುತ್ತೆ. ವ್ಯಾಪಾರಸ್ಥ ಚೀಲದ ಬಾಯಲ್ಲಿ ಕಾಣುವ ಕಾಳನ್ನು ನಂಬಲ್ಲ. ಮೊನಚು ತುದಿಯ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ಎಳೆಯುತ್ತಾನೆ. ಒಳಗಿನ ಕಾಳು ಸುರ್ರಂತ ಅಂಗೈಗೆ ಬರುತ್ತೆ. ಮೇಲಿದ್ದದ್ದೂ ಒಳಗಿದ್ದದ್ದೂ ಒಂದೇ ಆಗಿರಬೇಕು, ಮೇಲೆ ದಪ್ಪ ತೊಗರಿ ಹರವಿ ಕೆಳಗೆ ಹುಳುಕು ತುಂಬಿದರೆ ಅದು ಮೋಸ. ಕಾಕಾ ಜೀವಮಾನವಿಡೀ ಈ ನ್ಯಾಯ ನಡೆಯೋದನ್ನು ನೋಡಿದವರು. ಆ ಮನುಷ್ಯ ರಾತ್ರಿ ಮನೆಗೆ ಬಂದು ಮುರಿದ ರೆಕ್ಕೆಗೆ ಬೂದು ಬಳಿದರು. ಆದರೆ ಚೀಲದ ಆಚೆ ಒಬ್ಬ ಕೊಳ್ಳುವವನಿದ್ದಾನೆ, ಅವನು ಮೇಲಿನ ಕಾಳು ನಂಬಿ ದುಡ್ಡು ಎಣಿಸುತ್ತಾನೆ. ರೆಕ್ಕೆಯ ಆಚೆ ಯಾರಿದ್ದರು?

ನಿಜವಾದ ಕಿರಣದ ರೆಕ್ಕೆ ಆಗಿದ್ದರೆ ಈ ಮಾತೇ ಬರಲ್ಲ. ಅದರೊಳಗೆ ಕಲಿಯುವವ, ಕಲಿಸುವವ ಪಕ್ಕ ಪಕ್ಕ ಕೂರುತ್ತಾರೆ. ವಿಮಾನದ ಲೋಹದಲ್ಲಿ ಕೂದಲೆಳೆಯ ಬಿರುಕು ಹುಡುಕೋಕೆ ಆ ಜಾಗದ ಬಣ್ಣ ತೆಗೆದು, ಬಣ್ಣದ ದ್ರವ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಹಾಕುತ್ತಾರೆ. ಬಿರುಕಿನೊಳಗೆ ಇಳಿದಿದ್ದ ದ್ರವ ಪುಡಿಗೆ ಹತ್ತಿ ಗೆರೆಯಾಗಿ ಮೂಡುತ್ತೆ. ಅಲ್ಲಿ ಪ್ರೈಮರ್ ಕೆಳಗೆ ಯಾವ ಕಾಕಾನ ಪ್ರೀತಿಯೂ ಇರಕೂಡದು. ಇದ್ದರೆ ಜೀವ ಹೋಗುತ್ತೆ. ನನ್ನ ಮಾದರಿ ಹಾರಲ್ಲ, ಅದರ ಮೇಲೆ ಯಾರೂ ಭಾರ ಹಾಕಲ್ಲ. ಅಂದಮೇಲೆ ಅದರ ಗುಟ್ಟು ಯಾರಿಗೂ ಹೊರೆಯಲ್ಲ ಅಂತ ಒಂದು ದಿನ ಅನ್ನಿಸಿತು. ಮರುದಿನ ಅನ್ನಿಸಲಿಲ್ಲ. ಭಾರ ಹಾಕಿದವನು ನಾನೇ ಅಲ್ಲವಾ? ಕಾಕಾನ ಕೈ ಒರಟು ಅಂತ ತೀರ್ಪು ಕೊಟ್ಟೆನಲ್ಲ, ಆ ತೀರ್ಪು ನಿಂತಿದ್ದೇ ಈ ಪ್ರೈಮರ್ ಮೇಲೆ. ಮುಚ್ಚಿಟ್ಟ ಒಳ್ಳೇತನದಿಂದಲೂ ಒಬ್ಬರಿಗೆ ಅನ್ಯಾಯ ಆಗುತ್ತೆ, ಮುಚ್ಚಿಟ್ಟವರಿಗೇ.

ಜರ್ಮನಿಯ ಕಾಂಟ್ 1797ರ ಒಂದು ಪ್ರಬಂಧದಲ್ಲಿ, ಗೆಳೆಯನ ಜೀವ ಉಳಿಸೋಕೂ ಸುಳ್ಳು ಸಲ್ಲದು ಅಂತ ವಾದ ಮಾಡಿದ್ದಾನೆ. ನಮ್ಮ ಪುಣ್ಯಕೋಟಿ ಕಥೆ ಕೇಳಿ ಬೆಳೆದವರಿಗೆ ಈ ಹಟ ಹೊಸದಲ್ಲ. ಆದರೆ ಇಬ್ಬರಿಗೂ ಯಾರೋ ಪ್ರಶ್ನೆ ಕೇಳಿದ್ದರು, ಇಬ್ಬರೂ ಉತ್ತರ ಕೊಡಬೇಕಿತ್ತು. ಕಾಕಾನಿಗೆ ಯಾರೂ ಏನೂ ಕೇಳಿರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ಬಣ್ಣ ಬಳಿದರು ಅಷ್ಟೇ. ನನಗೆ ಮಾತ್ರ ಊಟದ ತಟ್ಟೆಯ ಮುಂದೆ ನೇರವಾಗಿ ಕೇಳಿದ್ದರು. ಈ ವ್ಯತ್ಯಾಸ ತಲೆಗೆ ಹೊಕ್ಕಮೇಲೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇನ್ನೊಂದು ಪ್ರಶ್ನೆ ತೆಗೆಯುವವನದು. ಹಳೆಯದನ್ನು ತೆಗೆದುಹಾಕುವ ಹಕ್ಕು ಯಾರದು? 1964ರ ಸೆಪ್ಟೆಂಬರಿನಲ್ಲಿ ಕಿರಣ್ ಬೆಂಗಳೂರಲ್ಲಿ ಮೊದಲ ಸಲ ಹಾರಿತು. ಅದೇ ವರ್ಷದ ಮೇ ತಿಂಗಳಲ್ಲಿ ವೆನಿಸ್‌ನಲ್ಲಿ ಹಳೆ ಕಟ್ಟಡ ಕಾಪಾಡುವವರು ಸೇರಿ ಒಂದು ಸನ್ನದು ಬರೆದರು. ಒಂದು ಸ್ಮಾರಕಕ್ಕೆ ಬೇರೆ ಬೇರೆ ಕಾಲದವರು ಸೇರಿಸಿದ್ದನ್ನೆಲ್ಲ ಗೌರವಿಸಬೇಕು, ಕೆಳಗಿನ ಪದರ ತೋರಿಸೋಕೆ ಮೇಲಿನದನ್ನು ಕೀಳೋದು ಅಪರೂಪಕ್ಕೆ ಮಾತ್ರ ಸರಿ, ಕೀಳುವುದಕ್ಕೆ ಹೆಚ್ಚು ಬೆಲೆ ಇರಬಾರದು, ಕೆಳಗಿರುವುದಕ್ಕೆ ಬಹಳ ಬೆಲೆ ಇರಬೇಕು ಅಂತ ಅದರ ಸಾರ. ಅದರಲ್ಲಿ ಇನ್ನೊಂದು ಮಾತು ನನಗೆ ಬಹಳ ಹಿಡಿಸುತ್ತೆ. ಯಾವುದನ್ನು ಕೀಳಬೇಕು ಅಂತ ನಿರ್ಧರಿಸೋದನ್ನು ಕೀಳುವ ಕೆಲಸ ಹಿಡಿದವನೊಬ್ಬನಿಗೇ ಬಿಡಬಾರದಂತೆ. ನಾನು ಕೆಲಸ ಹಿಡಿದವನೂ ನಾನೇ, ನಿರ್ಧರಿಸಿದವನೂ ನಾನೇ. ಕೇಳಬೇಕಾದ ಇನ್ನೊಬ್ಬರು ಪಕ್ಕದ ಕೋಣೆಯಲ್ಲಿ ರೇಡಿಯೋ ಕೇಳುತ್ತಾ ಕೂತಿದ್ದರು, ಅವರ ಉತ್ತರ ನನಗೆ ಮೊದಲೇ ಗೊತ್ತಿತ್ತು.

ಊರಲ್ಲೇ ಮಹಮೂದ್ ಗವಾನನ ಮದರಸಾ ಇದೆ, 1472ರದ್ದು. ಎರಡರಲ್ಲಿ ಒಂದೇ ಮಿನಾರು ಉಳಿದಿದೆ, ನೀಲಿ ಹಸಿರು ಹೆಂಚುಗಳು ಅಲ್ಲಲ್ಲಿ ತೇಪೆಯಂತೆ ಹೊಳೆಯುತ್ತವೆ. ಬೋಳಾದ ಜಾಗವನ್ನು ಹೊಸ ಹೆಂಚಿನಿಂದ ತುಂಬಿಬಿಡಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕಟ್ಟಡದ ವಿಷಯದಲ್ಲಿ ಇಷ್ಟು ಸಂಯಮ ಇರುವವನಿಗೆ ಕಾಕಾನ ವಿಮಾನದ ವಿಷಯದಲ್ಲಿ ಯಾಕಿರಲಿಲ್ಲ? ಖರೆ ಹೇಳಬೇಕಂದ್ರೆ, ಮದರಸಾ ನನ್ನ ಹೆಸರಲ್ಲಿ ಯಾರೂ ನೋಡಲ್ಲ. ವಿಮಾನ ಮುಗಿದಮೇಲೆ ನಾಲ್ಕು ಜನ ನೋಡುತ್ತಾರೆ, ಗೆರೆ ಎಷ್ಟು ಚೂಪಾಗಿದೆ ಅಂತ ಮೆಚ್ಚುತ್ತಾರೆ, ಅದು ನನ್ನ ಕೆಲಸ ಅನ್ನಿಸಿಕೊಳ್ಳುತ್ತೆ.

ಆ ವಾರದಲ್ಲೇ ಬೇರೆ ಕೆಲಸಕ್ಕೆ ಚೌಬಾರದ ಕಡೆ ಹೋಗಿದ್ದೆ. ಬಿದ್ರಿ ಅಂಗಡಿಯೊಂದರಲ್ಲಿ ಒಬ್ಬರು ಹೂಜಿಯ ಮೇಲೆ ಬಳ್ಳಿ ಕೊರೆಯುತ್ತಿದ್ದರು. ಹುಟ್ಟಿದ ಊರಿನ ಕಲೆ, ನೂರು ಸಲ ನೋಡಿದ್ದೇನೆ, ಆದರೆ ಪ್ರೈಮರ್ ತಲೆಯಲ್ಲಿ ಇಟ್ಟುಕೊಂಡು ನೋಡಿದ್ದು ಅದೇ ಮೊದಲು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಹೊಯ್ದ ಎರಕ ಬೂದಿ ಬೆಳ್ಳಗಿರುತ್ತೆ, ಅದರ ಮೇಲೆ ಗೆರೆ ಎಳೆದರೆ ಕಾಣಲ್ಲ. ಅದಕ್ಕೆ ಮೊದಲು ಮೈಲುತುತ್ತದ ನೀರು ಸವರಿ ಕಪ್ಪು ಮಾಡುತ್ತಾರೆ. ಕಪ್ಪಿನ ಮೇಲೆ ಗೆರೆ, ಗೆರೆಯ ಮೇಲೆ ಉಳಿ, ಉಳಿಯ ಹಾದಿಯಲ್ಲಿ ಬೆಳ್ಳಿ ತಂತಿ. ಬೆಳ್ಳಿ ಕೂತಮೇಲೆ ಅರ ಹಿಡಿದು ಆ ಕಪ್ಪನ್ನೆಲ್ಲ ಉಜ್ಜಿ ಹಾಕುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕುದಿಸಿದ ನೀರು ತಾಗಿಸಿದಾಗ ಬರುವ ಕಪ್ಪೇ ಬೇರೆ, ಅದೇ ಉಳಿಯೋದು. ಮೊದಲ ಕಪ್ಪು ಯಾರ ಮನೆಯ ಶೋಕೇಸಿಗೂ ಹೋಗಲ್ಲ. ಅದನ್ನು ಹಚ್ಚುವವನಿಗೂ ಅದು ಹೋಗುತ್ತೆ ಅಂತ ಗೊತ್ತು, ಬೇಜಾರಿಲ್ಲ.

ಒಳ್ಳೆ ಸಮಾಧಾನ ಸಿಕ್ಕಿತು ಅಂತ ಗಾಡಿ ಏರಿದೆ. ಕಾಕಾನ ಪ್ರೈಮರ್ ಮೈಲುತುತ್ತ ಇದ್ದಂಗೆ, ತೆಗೆಯೋಕೇ ಹಚ್ಚಿದ್ದು. ಗಂಜಿನ ಗೇಟು ಮುಟ್ಟುವಷ್ಟರಲ್ಲಿ ಸಮಾಧಾನ ಇಳಿದಿತ್ತು. ಬಿದ್ರಿಯವರು ತಾವು ಹಚ್ಚಿದ್ದನ್ನು ತಾವೇ ಉಜ್ಜುತ್ತಾರೆ, ಬೇಡ ಅಂದವರ ಕಪ್ಪನ್ನಲ್ಲ. ಹೋಲಿಕೆಗಳು ಹೀಗೇ, ಬೇಕಾದಾಗ ಬೇಕಾದವರ ಪರ ಸಾಕ್ಷಿ ಹೇಳುತ್ತವೆ.

ಹದಿನಾರನೇ ದಿನ ಒಂದು ತಟ್ಟೆಯಲ್ಲಿ ಎರಡು ತುಂಡು ರೆಕ್ಕೆ ಇಟ್ಟುಕೊಂಡು ಕಾಕಾನ ಕೋಣೆಗೆ ಹೋದೆ. ಗಂಜು ಮುಗಿಸಿ ಬಂದಿದ್ದರು, ಈಗಲೂ ಅರ್ಧ ದಿನ ಹೋಗುತ್ತಾರೆ. ಪ್ರೈಮರ್ ತೆಗೆದೆ ಅಂದೆ, ಸುಳ್ಳು ಹೇಳಿದ್ದೆ ಅಂದೆ, ಆಮೇಲೆ ಒಂದೇ ಉಸಿರಿಗೆ ಕುರ್ಚಿ, ಪಡಸಾಲೆ, ಕಲ್ಲಿನ ನೆಲ ಎಲ್ಲಾ ಹೇಳಿದೆ. ನನಗೆ ಏಟು ಬೀಳಬಾರದು ಅಂತ ನೀವು ಮುಚ್ಚಿಟ್ಟಿರಿ, ನನಗೆ ಈಗ ತಿಳೀತು ಅಂತಲೂ ಹೇಳಿದೆ. ದನಿ ಸ್ವಲ್ಪ ಒದ್ದೆಯಾಗಿತ್ತು.

ಕಾಕಾ ತುಂಡನ್ನು ಕಣ್ಣ ಹತ್ತಿರ ತಂದು ಗುಂಡುಸೂಜಿ ನೋಡಿದರು.

"ನೀನೇನೋ ಕೆಡವಿದ್ದು?" ಅಂದರು. "ನಾ ಇಷ್ಟು ದಿನ ಇಲಿ ಅಂತ ತಿಳ್ಕೊಂಡಿದ್ದೆ. ಇಲಿಗೆ ಪಾಷಾಣಾನೂ ತಂದಿಟ್ಟಿದ್ದೆ."

ನಾನು ಬಾಯಿ ತೆರೆದು ಕೂತೆ. ಹಾಗಾದರೆ ಅಷ್ಟು ದಪ್ಪ ಪ್ರೈಮರ್ ಯಾಕೆ, ತೆಗೀಬ್ಯಾಡ ಅಂದದ್ದು ಯಾಕೆ ಅಂತ ಕೇಳಿದೆ.

"ಮತ್ತೇನು ಮಾಡಲಿ? ಎರಕ ಎಲ್ಲಾ ಗುಳ್ಳಿ ಗುಳ್ಳಿ ಇತ್ತು. ಪುಟ್ಟಿ ತುಂಬೀ ತುಂಬೀ ಸಾಕಾಯ್ತು. ನೀ ಈಗ ದೊಡ್ಡ ಕೆಲಸಗಾರ ಆಗೀ, ಒಳಗಿನ ಹೊಲಸು ನೋಡಿ ನಗ್ತೀ ಅಂತ ಬ್ಯಾಡ ಅಂದೆ."

2006ರ ಅಪಘಾತ ಆದಮೇಲೆ ಬಣ್ಣ ಹಚ್ಚೋಕೆ ಮನಸ್ಸಾಗಲಿಲ್ಲವಾ ಅಂತ ಕೇಳುವ ಧೈರ್ಯ ಹೇಗೋ ಮಾಡಿದೆ. ಅದಕ್ಕೆ ಸುಮ್ಮನಿದ್ದರು. ಸ್ವಲ್ಪ ಹೊತ್ತಾದ ಮೇಲೆ, ಅವತ್ತು ಗಂಜಿನಲ್ಲಿ ಯಾರೋ ಓಡಿ ಬಂದು ಸುದ್ದಿ ಹೇಳಿದಾಗ ತೂಕದ ಕಾಟಾದ ಮೇಲೆ ಚೀಲ ಹಾಗೇ ಬಿಟ್ಟು ಎಲ್ಲರೂ ರಸ್ತೆಗೆ ಬಂದು ನಿಂತದ್ದನ್ನು ಹೇಳಿದರು. ಬಣ್ಣದ ಮಾತು ಆಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ, ಈ ಸಲ ಉತ್ತರ ನಾನೇ ಕಟ್ಟಿಕೊಳ್ಳಲೂ ಇಲ್ಲ.

ತುಂಡುಗಳನ್ನು ತಟ್ಟೆಗೆ ಹಾಕಿ ಎದ್ದೆ. ಬಾಗಿಲ ತನಕ ಬಂದಿದ್ದೆ, ಹಿಂದಿನಿಂದ ಕೂಗಿದರು.

"ಯಾವ ರೆಕ್ಕಿ ಅದು?"

"ಎಡಗಡಿದು ಕಾಕಾ."

"ಬಲಗಡಿದು ಹುಷಾರಿಂದ ತೆಗಿ. ಅದು ನಾನೇ ಮುರದೀನಿ. ಅದಕ್ಕ ಸೂಜಿ ಹಾಕಿಲ್ಲ."

ಎಡ ರೆಕ್ಕೆಗೆ ಹಳೇ ಗುಂಡುಸೂಜಿಯನ್ನೇ ತೊಳೆದು ಕೂರಿಸಿ ಮತ್ತೆ ಅಂಟಿಸಿದ್ದೇನೆ, ಒಂದು ಕೈ ತೆಳ್ಳಗೆ ಪ್ರೈಮರ್ ಆಗಿದೆ. ಬೆಸುಗೆಯ ಗೆರೆ ಬೆಳಕಿಗೆ ಓರೆ ಹಿಡಿದರೆ ಕಾಣುತ್ತೆ. ಇನ್ನೊಂದು ಕೈ ಹೊಡೆದರೆ ಕಾಣಲ್ಲ. ಬಲ ರೆಕ್ಕೆ ಕಾಕಾ ಬಿಟ್ಟಂತೇ ಇದೆ.